ಎರಡು ದೋಣಿಯ ಮೇಲೆ ಕಾಲಿಟ್ಟವರು

ಮೊನ್ನೆ ಭಾನುವಾರ ಅಟ್ಟದ ಮೇಲಿನ ಸಾಮಾನು ಇಳಿಸುತ್ತಿದ್ದಾಗ ಒಂದು ಹಳೆಯ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಕಂದು ಬಣ್ಣದ ಅಂಚೆ ಲಕೋಟೆಗಳು, ಜಿರಳೆ ತಿಂದ ಅಂಚುಗಳು, ನುಸಿಗುಳಿಗೆಯ ವಾಸನೆ. ಮೇಲಿನ ಲಕೋಟೆ ತೆಗೆದು ನೋಡಿದರೆ ನನ್ನ ಎಂ.ಕಾಂ. ಮೊದಲ ವರ್ಷದ ಕರೆಸ್ಪಾಂಡೆನ್ಸ್ ಪಾಠಗಳು. ಅದರ ಕೆಳಗೆ ಸಿ.ಎ. ಇಂಟರ್‌ಮೀಡಿಯೆಟ್‌ನ ಒಂದು ಅಂಕಪಟ್ಟಿ. ಏಣಿ ಹಿಡಿದು ನಿಂತಿದ್ದ ಮಗಳು ಎರಡನ್ನೂ ಕಸಿದುಕೊಂಡು ನೋಡಿದಳು.

"ಅಪ್ಪಾ, ನೀವು ಸಿ.ಎ. ಓದಿದ್ರಾ? ಎಂ.ಕಾಂ. ಕೂಡ? ಎರಡೂ ಒಟ್ಟಿಗೇನಾ?"

ಒಟ್ಟಿಗೇ ಓದಿದ್ದು ನಿಜ. ಒಟ್ಟಿಗೇ ಬಿಟ್ಟದ್ದೂ ನಿಜ. ಈಗಲೂ ನನ್ನ ಹೆಸರಿನ ಮುಂದೆ ಇರುವುದು ಬಿ.ಕಾಂ. ಒಂದೇ. ಅರ್ಧ ಎಂ.ಕಾಂ., ಅರ್ಧ ಸಿ.ಎ. ಎರಡು ಅರ್ಧ ಸೇರಿದರೆ ಒಂದು ಅನ್ನುವುದು ಒಂದನೇ ಕ್ಲಾಸಿನ ಲೆಕ್ಕ. ಪದವಿಗಳ ಲೆಕ್ಕದಲ್ಲಿ ಮಾತ್ರ ಎರಡು ಅರ್ಧ ಸೇರಿದರೆ ಸೊನ್ನೆ!

ಮಗಳು ಈಗ ಅದೇ ದಾರಿಯಲ್ಲಿದ್ದಾಳೆ. ಒಂದು ಕೈಯಲ್ಲಿ ಬಿ.ಕಾಂ., ಇನ್ನೊಂದರಲ್ಲಿ ಸಿ.ಎ. ಅವಳ ಪ್ರಶ್ನೆಗೆ ಉತ್ತರ ಹೇಳಲು ಹೊರಟವನಿಗೆ ನನ್ನ ಕಥೆಗಿಂತ ಈ ಊರಿನ ಕಥೆಯೇ ದೊಡ್ಡದು ಅನ್ನಿಸಿತು. ಒಂದು ಪದವಿ ಓದುತ್ತಾ ಪಕ್ಕದಲ್ಲೇ ವ್ಯಾಪಾರದ, ಲೆಕ್ಕದ ಇನ್ನೊಂದು ಓದು ಇಟ್ಟುಕೊಳ್ಳುವುದು ಮದ್ರಾಸಿನಲ್ಲಿ ಇಂದು ನಿನ್ನೆಯ ಚಾಳಿಯಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲು ನಮ್ಮೂರ ಕಡೆಯಿಂದಲೇ ಶುರು ಮಾಡುತ್ತೇನೆ. ನಾನು ಗಂಗೊಳ್ಳಿಯವನು. 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದ ಜಿಲ್ಲೆ. ನಮ್ಮ ಅಜ್ಜಂದಿರ ಕಾಲದವರಿಗೆ ರಾಜಧಾನಿ ಎಂದರೆ ಬೆಂಗಳೂರಲ್ಲ, ಮದ್ರಾಸು. ಮೈಸೂರು ಸೀಮೆಯವರಿಗೂ ಹೆಚ್ಚುಕಡಿಮೆ ಹಾಗೆಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಎರಡೂ ಮದ್ರಾಸು ವಿಶ್ವವಿದ್ಯಾಲಯದ ಕೆಳಗಿದ್ದವು. ಆ ವಿಶ್ವವಿದ್ಯಾಲಯ ಶುರುವಾದದ್ದು 1857ರಲ್ಲಿ. ಹಾಗಾಗಿ ಕನ್ನಡಿಗರ ಎಷ್ಟೋ ಹಳೆಯ ಪದವಿ ಪತ್ರಗಳ ಮೇಲೆ ಮದ್ರಾಸಿನ ಮುದ್ರೆಯೇ ಇದೆ.

ಆ ಕಾಲದಲ್ಲಿ ವ್ಯಾಪಾರಕ್ಕೆ ಅಂತ ಒಂದು ಪದವಿ ಇರಲಿಲ್ಲ. ಪದವಿ ಬೇಕಿದ್ದವನು ಬಿ.ಎ. ಓದುತ್ತಿದ್ದ, ಆಮೇಲೆ ಕಾನೂನೋ ವೈದ್ಯಕೀಯವೋ. ವ್ಯಾಪಾರವನ್ನು ಮನೆಯಲ್ಲೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೋ ಕಲಿಯಬೇಕು. ನಮ್ಮ ಜಿಲ್ಲೆಯ ಬ್ಯಾಂಕುಗಳನ್ನೇ ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅಂದರೆ ಇವತ್ತಿನ ಕೆನರಾ ಬ್ಯಾಂಕು, ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವಕೀಲರು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿದಾಗ ಅದರ ಮೂವರು ಸ್ಥಾಪಕರಲ್ಲಿ ಒಬ್ಬರು ಟಿ.ಎಂ.ಎ. ಪೈ. ಅವರು ಇದೇ ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದ ಡಾಕ್ಟರು! 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೇ ಏಜೆಂಟ್ ಹೋಗುವ ಪದ್ಧತಿ. ಯಾವ ಬಿಸಿನೆಸ್ ಸ್ಕೂಲೂ ಹೇಳಿಕೊಟ್ಟದ್ದಲ್ಲ ಅದು.

ನಮ್ಮ ಹಿರಿಯರು ಎರಡು ವಿದ್ಯೆ ಒಟ್ಟಿಗೇ ನಡೆಸಿದರು ನಿಜ. ಆದರೆ ಪರೀಕ್ಷೆ ಬರೆದದ್ದು ಒಂದಕ್ಕೆ ಮಾತ್ರ. ಇನ್ನೊಂದಕ್ಕೆ ಪರೀಕ್ಷೆಯೇ ಇರಲಿಲ್ಲ.

ಪರೀಕ್ಷೆ ಬಂದದ್ದು ಗುಮಾಸ್ತರಿಗಾಗಿ. 1886ರಲ್ಲಿ ಪಚ್ಚೆಯಪ್ಪನ ಧರ್ಮಸಂಸ್ಥೆಯ ಟ್ರಸ್ಟಿಗಳು ಮದ್ರಾಸಿನಲ್ಲಿ ಒಂದು ಕಮರ್ಷಿಯಲ್ ಸ್ಕೂಲ್ ತೆರೆದರು. ನಮ್ಮ ದೇಶದ ವಾಣಿಜ್ಯ ಶಿಕ್ಷಣದ ಚರಿತ್ರೆ ಬರೆಯುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜು ಬಂದದ್ದು ಆಮೇಲೆ, 1913ರಲ್ಲಿ. ಬಂದರಿನ ಪಕ್ಕದಲ್ಲಿ ಸಾಲಾಗಿ ಎದ್ದ ಇಂಗ್ಲಿಷರ ಕಂಪನಿಗಳಿಗೆ ಜಮಾಖರ್ಚು ಬರೆಯುವವರು, ಪತ್ರ ಟೈಪು ಮಾಡುವವರು ಬೇಕಿದ್ದರು. ಬಿ.ಎ. ಓದಿದ ಹುಡುಗನಿಗೆ ಷೇಕ್ಸ್‌ಪಿಯರ್ ಬರುತ್ತಿತ್ತು, ಲೆಡ್ಜರ್ ಬರುತ್ತಿರಲಿಲ್ಲ. ಹಾಗಾಗಿ ಪದವಿ ಒಂದು ಕಡೆ, ಬುಕ್‌ಕೀಪಿಂಗ್, ಟೈಪಿಂಗ್, ಶಾರ್ಟ್‌ಹ್ಯಾಂಡ್ ಇನ್ನೊಂದು ಕಡೆ. ಟಿ. ನಗರದ ಸ್ಟೆನೋಗ್ರಾಫರ್ಸ್ ಗಿಲ್ಡ್ 1937ರದ್ದು. ನಾನು ಇಲ್ಲಿಗೆ ಬಂದಾಗಲೂ ಬೀದಿಗೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಬೆಳಿಗ್ಗೆ ಆರಕ್ಕೇ ಟಕಟಕ ಶುರು. ಕಾಲೇಜಿಗೆ ಹೋಗುವ ಹುಡುಗಿಯರೆಲ್ಲ ಲೋಯರ್ ಮುಗಿಸಿ ಹೈಯರ್‌ಗೆ ಕಟ್ಟುತ್ತಿದ್ದರು. ಬಡವರ ಡಬಲ್ ಡಿಗ್ರಿ ಅಂದರೆ ಅದೇ.

ಇನ್ನು ಲೆಕ್ಕಪರಿಶೋಧನೆ. 1913ರ ಕಂಪನಿ ಕಾಯಿದೆ ಆಡಿಟರಿಗೆ ಇಂಥ ಯೋಗ್ಯತೆ ಇರಬೇಕು ಎಂದು ಹೇಳಿತು. 1918ರಲ್ಲಿ ಬೊಂಬಾಯಿಯಲ್ಲಿ ಗವರ್ನಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ, ಜಿ.ಡಿ.ಎ., ಶುರುವಾಯಿತು. ಬರೀ ಪುಸ್ತಕ ಓದಿದರೆ ಸಾಲದು, ಒಬ್ಬ ಹಿರಿಯ ಆಡಿಟರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು. ಗುರುಕುಲ ಇದ್ದ ಹಾಗೆ. ಗುರುಗಳ ಮನೆಯ ಹಸು ಕಾಯುವ ಬದಲು ಕಕ್ಷಿದಾರರ ವೋಚರಿಗೆ ಟಿಕ್ ಹಾಕುವುದು, ಅಷ್ಟೇ ವ್ಯತ್ಯಾಸ.

ಈ ದಾರಿಯಲ್ಲಿ ನಡೆದ ಮದ್ರಾಸಿನ ಒಬ್ಬ ಹೆಣ್ಣುಮಗಳ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆರ್. ಶಿವಭೋಗಂ. ಹುಟ್ಟಿದ್ದು 1907ರಲ್ಲಿ. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದರು. ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಒಂದು ವರ್ಷ ವೆಲ್ಲೂರು ಜೈಲಿನಲ್ಲಿದ್ದರು. ಹೊರಗೆ ಬಂದು ಸಿ.ಎಸ್. ಶಾಸ್ತ್ರಿ ಎಂಬ ಆಡಿಟರ ಬಳಿ ತರಬೇತಿ ಪಡೆದು 1933ರಲ್ಲಿ ಜಿ.ಡಿ.ಎ. ಪಾಸು ಮಾಡಿದರು. ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿ! ಆದರೆ ಜೈಲಿಗೆ ಹೋದವರು ಅಕೌಂಟೆಂಟ್ ಆಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ನಿಯಮ ಅಡ್ಡ ಬಂತು. ಅವರು ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋಗಿ ಗೆದ್ದರು. ಸ್ವಂತ ಪ್ರಾಕ್ಟೀಸ್ ಶುರು ಮಾಡಿದರು. 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಕಾಯಿದೆಯಡಿ ಸ್ಥಾಪನೆಯಾಯಿತಲ್ಲ, ಅದರ ದಕ್ಷಿಣ ಭಾರತ ಪ್ರಾಂತೀಯ ಮಂಡಳಿಗೆ 1955ರಿಂದ 1958ರವರೆಗೆ ಅಧ್ಯಕ್ಷರಾಗಿದ್ದರು. ಅವರು ಮದುವೆಯಾಗಲಿಲ್ಲ. ಈ ವಿಷಯ ಯಾಕೆ ಹೇಳಿದೆ ಎಂದು ಕೊನೆಯಲ್ಲಿ ಗೊತ್ತಾಗುತ್ತದೆ.

ಸಿ.ಎ. ಓದುವವರು ಬಿ.ಕಾಂ. ಯಾಕೆ ಓದಬೇಕು? ಮಗಳು ಕೇಳಿದ ಎರಡನೇ ಪ್ರಶ್ನೆ ಇದು. ಉತ್ತರ ಸುಲಭ. ಸಿ.ಎ. ಎಷ್ಟೇ ದೊಡ್ಡ ಪರೀಕ್ಷೆಯಾದರೂ ಅದು ಪದವಿಯಲ್ಲ, ಸಂಸ್ಥೆಯೊಂದರ ಸದಸ್ಯತ್ವ. ಬ್ಯಾಂಕಿನ ಪರೀಕ್ಷೆ, ಸರ್ಕಾರಿ ನೌಕರಿಯ ಅರ್ಜಿ ಎಲ್ಲದರಲ್ಲೂ ಕೇಳುವುದು "ಯಾವುದಾದರೂ ಪದವಿ". ಪದವಿಯಿಲ್ಲದೆ ಸಿ.ಎ. ಫೈನಲ್‌ನಲ್ಲಿ ಸಿಕ್ಕಿಕೊಂಡವನು ಕಾಗದದ ಪ್ರಕಾರ ಬರೀ ಪಿ.ಯು.ಸಿ.! ಯು.ಜಿ.ಸಿ. ಮೊದಲ ಬಾರಿಗೆ ಸಿ.ಎ.ಯನ್ನು ಸ್ನಾತಕೋತ್ತರ ಪದವಿಗೆ ಸಮ ಎಂದು ಒಪ್ಪಿದ್ದು 2021ರಲ್ಲಿ, ಅದೂ ನೆಟ್ ಪರೀಕ್ಷೆ ಬರೆಯುವುದಕ್ಕೆ. ಹಾಗಾಗಿ ಸಿ.ಎ. ಕನಸಿಗೆ, ಬಿ.ಕಾಂ. ಅನ್ನಕ್ಕೆ. ಮೈಲಾಪುರದ ವಿವೇಕಾನಂದ ಕಾಲೇಜು, 1946ರದ್ದು, ಅಲ್ಲಿ ಬಿ.ಕಾಂ. ಓದುತ್ತಾ ಸಿ.ಎ. ಕನಸು ಕಾಣದ ಹುಡುಗನನ್ನು ಹುಡುಕಿ ತೋರಿಸಿ ನೋಡೋಣ ಎಂದು ಇಲ್ಲಿನವರು ತಮಾಷೆ ಮಾಡುತ್ತಾರೆ.

ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಇದಕ್ಕೆ ಒಂದು ಕಿಂಡಿ ಬಿಟ್ಟಿತ್ತು. ಆರ್ಟಿಕಲ್ಸ್ ಮಾಡುವ ಹುಡುಗ ಫಾರಂ 112 ತುಂಬಿ ಅನುಮತಿ ಪಡೆದರೆ ಪಕ್ಕದಲ್ಲಿ ಒಂದು ಪದವಿ ಓದಬಹುದು. ಷರತ್ತು ಒಂದೇ. ಕಾಲೇಜಿನ ಗಂಟೆ ಆಫೀಸಿನ ಗಂಟೆಯೊಳಗೆ ಬರಬಾರದು.

ನೋಡಿ, ಇಲ್ಲಿದೆ ಈ ಕಥೆಯ ತಿರುಳು. ಎರಡು ಓದು ಒಟ್ಟಿಗೆ ನಡೆಯಬಲ್ಲದೇ ಎಂಬ ಪ್ರಶ್ನೆಗೆ ಬುದ್ಧಿವಂತಿಕೆ ಉತ್ತರವಲ್ಲ. ಗಡಿಯಾರ ಉತ್ತರ. ಮದ್ರಾಸು ಇಡೀ ಊರನ್ನೇ ಅದಕ್ಕೆ ತಕ್ಕಂತೆ ಕಟ್ಟಿಕೊಂಡಿತ್ತು. ಬೀಚ್ ಸ್ಟೇಷನ್ನಿನಿಂದ ತಾಂಬರಂಗೆ ಕರೆಂಟ್ ರೈಲು ಓಡಲು ಶುರುವಾದದ್ದು 1931ರಲ್ಲಿ. ಪ್ಯಾರೀಸ್ ಕಾರ್ನರಿನ ಆಫೀಸು ಬಿಟ್ಟವನು ಸಂಜೆ ತರಗತಿಗೆ ಹೋಗಿ ಮನೆ ಸೇರಬಹುದಿತ್ತು. ಸಂಜೆ ಕಾಲೇಜುಗಳು ಬಂದವು. 1979ರಲ್ಲಿ ಅಣ್ಣಾಮಲೈ, 1981ರಲ್ಲಿ ಮದ್ರಾಸು ವಿಶ್ವವಿದ್ಯಾಲಯ ಅಂಚೆಯಲ್ಲೇ ಪಾಠ ಕಳಿಸಲು ಶುರು ಮಾಡಿದವು. ಬ್ಯಾಂಕಿನವರಿಗಂತೂ 1928ರಿಂದಲೇ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಇತ್ತು. ಕೆಲಸ ಬಿಡದೆ, ಕಾಲೇಜಿಗೆ ಕಾಲಿಡದೆ ಸಿ.ಎ.ಐ.ಐ.ಬಿ. ಬರೆಯಬಹುದು, ಪಾಸಾದರೆ ಇಂಕ್ರಿಮೆಂಟು.

ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿದ ಒಬ್ಬ ಹುಡುಗ 1907ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲು, ಹಣಕಾಸು ಇಲಾಖೆಯ ಪರೀಕ್ಷೆ ಪಾಸು ಮಾಡಿ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆದ. ಹಗಲು ಸರ್ಕಾರದ ಲೆಕ್ಕ, ಆಫೀಸಿನ ಹಿಂದೆ ಮುಂದೆ ಪ್ರಯೋಗಾಲಯ. ಹತ್ತು ವರ್ಷ ಹೀಗೇ ನಡೆಸಿದ. ಆಮೇಲೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್ ಅವರೇ ಆ ಹುಡುಗ. ಅವರ ಹಾಗೆ ಎಲ್ಲರೂ ಆಗುವುದಿಲ್ಲ, ಸರಿ. ಆದರೆ ಗಡಿಯಾರದ ಜೊತೆ ಗುದ್ದಾಡಿದ್ದು ಅವರೂ ನಾವೂ ಒಂದೇ ರೀತಿ.

ಈಗ ನನ್ನ ಕಥೆ. ಚಿಕ್ಕದು.

ಗಂಗೊಳ್ಳಿಯಿಂದ ಹೊಳೆ ದಾಟಿದರೆ ಕುಂದಾಪುರ. ರಸ್ತೆಯಲ್ಲಿ ಹೋದರೆ ಸುತ್ತು, ದೋಣಿಯಲ್ಲಿ ಹತ್ತಿರ. ದೋಣಿ ದಾಟಿಯೇ ಭಂಡಾರ್ಕಾರ್ಸ್ ಕಾಲೇಜಿಗೆ ಹೋಗಿ 1990ರಲ್ಲಿ ಬಿ.ಕಾಂ. ಮುಗಿಸಿದೆ. ಅಪ್ಪಯ್ಯ ಸೊಸೈಟಿಯಲ್ಲಿ ಗುಮಾಸ್ತರು. ದೂರದ ನೆಂಟರೊಬ್ಬರು ಮದ್ರಾಸಿನಲ್ಲಿ ಹೋಟೆಲು ನಡೆಸುತ್ತಿದ್ದರು, ಅವರ ಮಾತಿನ ಮೇಲೆ ಟಿ. ನಗರದ ಒಬ್ಬ ಆಡಿಟರು ನನ್ನನ್ನು ಆರ್ಟಿಕಲ್ಸ್‌ಗೆ ಸೇರಿಸಿಕೊಂಡರು. ತಿರುವಲ್ಲಿಕ್ಕೇಣಿಯ ಮ್ಯಾನ್ಷನ್ ಒಂದರಲ್ಲಿ ಮೂವರಿಗೆ ಒಂದು ರೂಮು. ಸ್ಟೈಪೆಂಡು ಬಾಡಿಗೆಗೇ ಸಾಲದು. ಹೇಗೂ ಬಂದಿದ್ದೇನೆ, ಇದರ ಜೊತೆ ಎಂ.ಕಾಂ. ಕೂಡ ಕಟ್ಟಿಬಿಡೋಣ ಅನ್ನಿಸಿತು. ಸಿ.ಎ. ಆಗದಿದ್ದರೆ ಲೆಕ್ಚರರ್ ಆದರೂ ಆಗಬಹುದಲ್ಲ! ಊರಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ದೀಪಾವಳಿಗೆ ಹೋದಾಗ ಅಪ್ಪಯ್ಯ ಹೊಳೆಬದಿಯಲ್ಲಿ ನಿಂತು ಕೇಳಿದರು: "ಎರ್ಡ್ ದೋಣಿ ಮೇಲ್ ಕಾಲಿಟ್ರೆ ಹೊಳಿ ದಾಟುಕ್ ಆತ್ತಾ ಮಗಾ?"

ಗಾದೆ ಎಲ್ಲರಿಗೂ ಗೊತ್ತು. ಆದರೆ ನಿಜವಾದ ದೋಣಿಯ ಎದುರಿಗೆ ನಿಂತು ಹೇಳಿದಾಗ ಅದರ ತೂಕವೇ ಬೇರೆ.

ಎರಡು ವರ್ಷ ದಾಟಲು ನೋಡಿದೆ. ಬೆಳಿಗ್ಗೆ ಐದಕ್ಕೆದ್ದು ಎಂ.ಕಾಂ., ಹತ್ತರಿಂದ ಆಡಿಟು, ರಾತ್ರಿ ಸಿ.ಎ. ಆಗ ಪಲ್ಲವನ್ ಎಂಬ ಹೆಸರಿದ್ದ ಸಿಟಿ ಬಸ್ಸಿನಲ್ಲಿ ನೇತಾಡುತ್ತಾ ಕಾಸ್ಟಿಂಗ್ ಸೂತ್ರ ಬಾಯಿಪಾಠ. ಭಾನುವಾರ ಕನ್ನಿಮರಾ ಲೈಬ್ರರಿ. ಕೈಯಲ್ಲಿ ಸ್ವಲ್ಪ ಕಾಸಿದ್ದ ದಿನ ಕತೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್. ನಮ್ಮ ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಮನೆತನದ ಹೋಟೆಲು ಅದು. ಮರದ ನೆರಳಲ್ಲಿ ಒಂದು ಕಾಫಿ ಇಟ್ಟುಕೊಂಡು ಮೂರು ಗಂಟೆ ಕೂತರೂ ಏಳಿ ಅನ್ನುತ್ತಿರಲಿಲ್ಲ. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಇದೆ. ಆ ರಸ್ತೆಯಲ್ಲಿ ಹೋಗುವಾಗ ಈಗಲೂ ನನಗೆ ಹೂವಿನ ಬದಲು ಬ್ಯಾಲೆನ್ಸ್ ಶೀಟ್ ನೆನಪಾಗುತ್ತದೆ.

ಮೇ ತಿಂಗಳಲ್ಲಿ ಎರಡೂ ಪರೀಕ್ಷೆ ಬಂತು. ಸಿ.ಎ.ಯಲ್ಲಿ ಪ್ರತಿ ಪೇಪರಿನಲ್ಲಿ ನಲವತ್ತು ಬಂದರೆ ಸಾಲದು, ಗುಂಪಿನ ಒಟ್ಟು ಅಂಕ ಶೇಕಡಾ ಐವತ್ತು ಆಗಬೇಕು. ಒಂದು ಗ್ರೂಪ್ ಪಾಸಾಯಿತು. ಇನ್ನೊಂದರಲ್ಲಿ ಎಲ್ಲಾ ಪೇಪರಿನಲ್ಲೂ ನಲವತ್ತು ದಾಟಿದ್ದೆ, ಒಟ್ಟಿನಲ್ಲಿ ಏಳು ಅಂಕ ಕಡಿಮೆ. ಅಟ್ಟದಲ್ಲಿ ಸಿಕ್ಕಿದ್ದು ಅದೇ ಅಂಕಪಟ್ಟಿ. ಎಂ.ಕಾಂ. ಮೊದಲ ವರ್ಷ ಹೇಗೋ ದಾಟಿತು. ಅಷ್ಟರಲ್ಲಿ ಊರಿಂದ ತಂತಿ ಬಂತು. ಅಪ್ಪಯ್ಯನಿಗೆ ಪಾರ್ಶ್ವವಾಯು. ಹಿಂದೊಮ್ಮೆ ಬರೆದಿದ್ದ ಬಿ.ಎಸ್.ಆರ್.ಬಿ. ಕ್ಲರ್ಕ್ ಪರೀಕ್ಷೆಯ ನೇಮಕಾತಿ ಪತ್ರ ಕೈಯಲ್ಲಿತ್ತು. 1992ರಲ್ಲಿ ಬ್ಯಾಂಕಿಗೆ ಸೇರಿದೆ. ಆಡಿಟರು ಬೇಸರ ಮಾಡಿಕೊಳ್ಳಲಿಲ್ಲ. "ಮತ್ತೆ ಬರೆಯಪ್ಪಾ" ಎಂದರು. ಬರೆಯಲಿಲ್ಲ. ನಾನು ಕೊನೆಗೆ ದಡ ಸೇರಿದ್ದು ಮೂರನೆಯ ದೋಣಿಯಲ್ಲಿ.

ನಾನು ಗಡಿಯಾರಕ್ಕೆ ಸೋತವನು. ನಿಯಮಕ್ಕೆ ಸೋತವರ ಕಥೆ ಬೇರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಬೇರೆ ಬೇರೆ ರಾಜ್ಯದ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದೇ ಅವಧಿಯಲ್ಲಿ ಎಂ.ಕಾಂ. ಮತ್ತು ಎಂ.ಬಿ.ಎ. ಅಂಚೆಯಲ್ಲಿ ಮುಗಿಸಿದರು. ಎರಡೂ ಪಾಸು, ಎರಡೂ ಒಳ್ಳೆಯ ಅಂಕ. ಪ್ರಮೋಷನ್ ಸಮಯದಲ್ಲಿ ಸರ್ಟಿಫಿಕೇಟ್ ಪರಿಶೀಲಿಸಿದವರು ಎರಡರ ಮೇಲೂ ಒಂದೇ ವರ್ಷ ಇರುವುದನ್ನು ನೋಡಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು. ಯಾವುದಾದರೂ ಒಂದು ಇಟ್ಟುಕೊಳ್ಳಿ, ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಮನುಷ್ಯ ಕಾಪಿ ಹೊಡೆದಿರಲಿಲ್ಲ, ದುಡ್ಡು ಕೊಟ್ಟು ಕೊಂಡಿರಲಿಲ್ಲ. ನಿದ್ದೆಗೆಟ್ಟು ಓದಿದ್ದೇ ತಪ್ಪಾಯಿತು. ಕಾಲೇಜಿನಲ್ಲಾದರೆ ಒಂದೇ ಟಿ.ಸಿ. ಇರುತ್ತದೆ, ಎರಡು ಕಡೆ ಕೊಡಲಾಗುವುದಿಲ್ಲ, ಬಾಗಿಲಲ್ಲೇ ತಡೆಯುತ್ತಾರೆ. ಅಂಚೆ ಶಿಕ್ಷಣದಲ್ಲಿ ಬಾಗಿಲು ತೆರೆದಿತ್ತು. ಒಳಗೆ ಹೋಗಿ ಊಟ ಮಾಡಿ ಕೈ ತೊಳೆದ ಮೇಲೆ, ನೀವು ಬರಬಾರದಿತ್ತು ಎಂದ ಹಾಗಾಯಿತು.

ಬೇರೆ ದೇಶಗಳಲ್ಲಿ ಇದನ್ನು ಇನ್ನೊಂದು ರೀತಿ ಬಗೆಹರಿಸಿದರು. ಅಮೆರಿಕದಲ್ಲಿ ಮೂರು ವರ್ಷದ ಕಾನೂನು, ಎರಡು ವರ್ಷದ ಎಂ.ಬಿ.ಎ. ಎರಡನ್ನೂ ಹೆಣೆದು ನಾಲ್ಕು ವರ್ಷಕ್ಕೆ ಮುಗಿಸುವ ಜಂಟಿ ಪದವಿ ದಶಕಗಳಿಂದ ಇದೆ. ಎರಡು ಕಡೆಗೂ ಹೊಂದುವ ವಿಷಯಗಳನ್ನು ಎರಡರ ಲೆಕ್ಕಕ್ಕೂ ಹಿಡಿಯುತ್ತಾರೆ, ಹಾಗಾಗಿ ಒಂದು ವರ್ಷ ಉಳಿತಾಯ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಐದು ವರ್ಷದ ಕಾನೂನು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು 1980ರ ದಶಕದ ಕೊನೆಯಲ್ಲಿ ಬಿ.ಎ. ಜೊತೆ ಎಲ್‌ಎಲ್.ಬಿ. ಸೇರಿಸಿ ದಾರಿ ತೋರಿಸಿತು. ಚೆನ್ನೈಯ ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದಲ್ಲಿ ಬಿ.ಕಾಂ., ಬಿ.ಬಿ.ಎ. ಜೊತೆಗೂ ಕಾನೂನು ಬಂತು. ಎರಡು ದೋಣಿಗೆ ಅಡ್ಡ ಹಲಗೆ ಹೊಡೆದು ಒಂದೇ ದೋಣಿ ಮಾಡಿದ ಹಾಗೆ. ಆದರೆ ಅದನ್ನು ಕಟ್ಟುವುದು ಕಾಲೇಜು. ಹುಡುಗ ತಾನೇ ಆರಿಸಿ ಕಟ್ಟಿಕೊಳ್ಳುವಂತಿಲ್ಲ. ಬಾರ್ ಕೌನ್ಸಿಲ್ 2008ರ ನಿಯಮದಲ್ಲಿ ಹಾಗೆಂದು ಸ್ಪಷ್ಟವಾಗಿಯೇ ಬರೆದುಬಿಟ್ಟಿತು.

ಯು.ಜಿ.ಸಿ. ಈ ವಿಷಯಕ್ಕೆ 2012ರಲ್ಲಿ ಒಂದು ಸಮಿತಿ ಮಾಡಿತು. ಕಾಲೇಜಿನ ಪದವಿಯ ಜೊತೆ ದೂರಶಿಕ್ಷಣದ ಒಂದು ಪದವಿ ಇರಲಿ ಎಂದು ಸಮಿತಿ ಹೇಳಿತು. 2016ರಲ್ಲಿ ಬೇಡ ಎಂದಾಯಿತು. 2019ರಲ್ಲಿ ಮತ್ತೊಂದು ಸಮಿತಿ. ಅಷ್ಟರಲ್ಲಿ 2020ರ ಜೂನ್‌ನಲ್ಲಿ ನಮ್ಮ ಚೆನ್ನೈಯ ಐ.ಐ.ಟಿ. ಆನ್‌ಲೈನಿನಲ್ಲಿ ಡೇಟಾ ಸೈನ್ಸ್ ಪದವಿ ತೆರೆದು, ಬೇರೆ ಪದವಿ ಓದುತ್ತಿರುವವರೂ ಇದನ್ನು ಓದಬಹುದು ಎಂದು ಬಾಗಿಲಲ್ಲೇ ಬರೆದು ಹಾಕಿತು. ಬಿ.ಕಾಂ. ಓದುವ ಹುಡುಗಿಯೂ ಸೇರಬಹುದು. ಕೊನೆಗೆ 2022ರ ಏಪ್ರಿಲ್‌ 13ರ ಮಾರ್ಗಸೂಚಿಯಲ್ಲಿ ಯು.ಜಿ.ಸಿ. ಒಪ್ಪಿತು. ಎರಡು ಪದವಿ ಒಟ್ಟಿಗೆ ಓದಬಹುದು. ಎರಡೂ ಕಾಲೇಜಿಗೆ ಹೋಗಿ ಓದುವುದಾದರೆ ಒಂದರ ತರಗತಿಯ ಸಮಯ ಇನ್ನೊಂದರ ಮೇಲೆ ಬೀಳಬಾರದು. ಪಿಎಚ್.ಡಿ.ಗೆ ಇದು ಅನ್ವಯಿಸುವುದಿಲ್ಲ. ಕಾನೂನಿನಂಥ ವೃತ್ತಿ ಶಿಕ್ಷಣಕ್ಕೆ ಆಯಾ ಮಂಡಳಿಯ ನಿಯಮವೂ ಸೇರುತ್ತದೆ.

ಪತ್ರಿಕೆಯಲ್ಲಿ ಓದಿ ನನಗೆ ನಗು ಬಂತು. ಸಮಿತಿ ಮೇಲೆ ಸಮಿತಿ ಮಾಡಿ ಕೊನೆಗೆ ಬಂದು ನಿಂತದ್ದು ಎಲ್ಲಿ? ಹಳೆಯ ಫಾರಂ 112ರಲ್ಲಿದ್ದ ಅದೇ ಷರತ್ತಿಗೆ. ಗಂಟೆಗೆ ಗಂಟೆ ಡಿಕ್ಕಿ ಹೊಡೆಯಬಾರದು! ಆ ಸಹೋದ್ಯೋಗಿಗೆ ಫೋನ್ ಮಾಡಿ ಹೇಳಿದೆ. ಅವರು ಆಗಲೇ ನಿವೃತ್ತರು. "ಇರಲಿ ಬಿಡಿ ಸಾರ್, ಓದಿದ್ದು ತಲೆಯಲ್ಲಿದೆಯಲ್ಲ" ಎಂದರು. ನನಗಂತೂ ಇರಲಿ ಬಿಡಿ ಅನ್ನಲು ಆಗಲಿಲ್ಲ.

ಸಿ.ಎ.ಯವರೂ ಈಚೆಗೆ ಬದಲಾಯಿಸಿದ್ದಾರೆ. 2023ರ ಜುಲೈಯಿಂದ ಆರ್ಟಿಕಲ್ಸ್ ಮೂರು ವರ್ಷದ ಬದಲು ಎರಡೇ ವರ್ಷ, ಅದೂ ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆ. ಮಗಳಿಗೆ ಇದರಿಂದ ಅನುಕೂಲವಾಗಿದೆ. ಕಾಲೇಜು ಮತ್ತು ಇಂಟರ್ ಒಟ್ಟಿಗೆ, ಆರ್ಟಿಕಲ್ಸ್ ಆಮೇಲೆ. ನಿಯಮ ಸಡಿಲವಾಯಿತು, ಗಡಿಯಾರವೂ ಸ್ವಲ್ಪ ಸಡಿಲವಾಯಿತು.

ಇಷ್ಟೆಲ್ಲ ಮಗಳಿಗೆ ವಿವರಿಸಿ, ದೊಡ್ಡ ಇತಿಹಾಸ ಹೇಳಿದ ಗತ್ತಿನಲ್ಲಿ ನಾನು ಕುರ್ಚಿಗೆ ಒರಗಿದೆ. ಅವಳು ಪೆಟ್ಟಿಗೆಯ ತಳಕ್ಕೆ ಕೈ 

ಹಾಕಿ ಇನ್ನೊಂದು ಕಟ್ಟು ತೆಗೆದಳು. ಅದರಲ್ಲಿ ಎರಡು ಲಕೋಟೆ ಒಡೆದೇ ಇರಲಿಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂ.ಬಿ.ಎ. ಪಾಠಗಳು. ಮೇಲೆ ನನ್ನ ಹೆಂಡತಿಯ ಹೆಸರು.

ನಾನು ಮರೆತೇಬಿಟ್ಟಿದ್ದೆ. ನಿಜವಾಗಿ ಮರೆತಿದ್ದೆ. ಮದುವೆಯಾದಾಗ ಅವಳು ಒಂದು ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಳು. ಪ್ರವೇಶ ಪರೀಕ್ಷೆ ಬರೆದು, ಪಾಸಾಗಿ, ತನ್ನ ಸಂಬಳದಲ್ಲೇ ಫೀಸು ಕಟ್ಟಿ ಎಂ.ಬಿ.ಎ.ಗೆ ಸೇರಿದ್ದಳು. ಜೂನ್‌ನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಪರೀಕ್ಷೆ. ಕೆಲವು ಪೇಪರ್ ಮುಗಿಸಿದ್ದಳು ಕೂಡ. ಮಗಳು ಹುಟ್ಟಿದ ವರ್ಷವೇ ನಾನು ಸಿ.ಎ.ಐ.ಐ.ಬಿ. ಎರಡನೇ ಭಾಗಕ್ಕೆ ಕಟ್ಟಿದ್ದೆ. ನನ್ನದು ಪಾಸಾಯಿತು. ಇಂಕ್ರಿಮೆಂಟು ಬಂತು, ಆಮೇಲೆ ಆಫೀಸರೂ ಆದೆ. ನಾನು ಓದುವುದು ಗಡಿಯಾರದ ಜೊತೆ ಗುದ್ದಾಟ ಎಂದು ಇಷ್ಟು ಹೊತ್ತು ಬರೆದೆನಲ್ಲ, ಆ ವರ್ಷ ನನಗೆ ಗಡಿಯಾರದಲ್ಲಿ ಗಂಟೆಗಳು ಎಲ್ಲಿಂದ ಬಂದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮಗಳು ಅಡುಗೆಮನೆಯ ಕಡೆ ತಿರುಗಿ ಕೇಳಿದಳು. "ಅಮ್ಮಾ, ನೀನು ಯಾಕೆ ಬಿಟ್ಟೆ?"

"ಇಬ್ರೂ ಓದ್ತಾ ಕೂತಿದ್ರೆ ನಿನ್ನ ಎತ್ಕೊಳ್ಳೋರು ಯಾರಿದ್ರು?" ಎಂದಳು. ಸಿಟ್ಟಿನಿಂದಲ್ಲ. ಒಗ್ಗರಣೆ ಹಾಕುತ್ತಾ ಹೇಳಿದಳು, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವಳದೇ ದನಿ. "ನೀನು ಯಾವುದನ್ನೂ ಬಿಡೋದು ಬೇಡ. ಎರಡೂ ಮುಗಿಸು. ಬೆಳಿಗ್ಗೆ ಕಾಫಿ ನಿಮ್ಮಪ್ಪ ಮಾಡ್ತಾರೆ."

ಗಂಗೊಳ್ಳಿಯ ದಕ್ಕೆಯಲ್ಲಿ ನಾನು ನೋಡಿದ್ದೇನೆ. ಜನ ಒಂದು ದೋಣಿಯಿಂದ ಇನ್ನೊಂದಕ್ಕೆ ಹೆಜ್ಜೆ ಇಟ್ಟು ದಾಟುವುದು ಅಲ್ಲಿ ದಿನನಿತ್ಯದ ಕೆಲಸ. ಯಾರೂ ಬೀಳುವುದಿಲ್ಲ. ಯಾಕೆಂದರೆ ಒಬ್ಬ ನೀರಿಗಿಳಿದು ಎರಡೂ ದೋಣಿಯ ಅಂಚು ಹಿಡಿದು ನಿಂತಿರುತ್ತಾನೆ. ದಾಟಿದವರು ಹಿಂತಿರುಗಿ ನೋಡುವುದು ಕಡಿಮೆ. ಅಪ್ಪಯ್ಯನಿಗೆ ಅಂದು ನಾನು ಹೇಳಬೇಕಿದ್ದ ಉತ್ತರ ಇದು, ಹೊಳೆದದ್ದು ಮಾತ್ರ ಮೂವತ್ತು ವರ್ಷ ತಡವಾಗಿ.

ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ನನ್ನ ಎಂ.ಕಾಂ. ಪಾಠಗಳನ್ನು ಹಳೇ ಪೇಪರಿನವನಿಗೆ ಕೊಟ್ಟೆ. ಒಡೆಯದ ಆ ಎರಡು ಲಕೋಟೆ ಮಾತ್ರ ಮೇಜಿನ ಮೇಲಿದೆ. ಅದನ್ನು ಏನು ಮಾಡುವುದೆಂದು ಹೇಳಬೇಕಾದವಳು ಅವಳು. ನಾನು ಕೇಳಿಲ್ಲ ಇನ್ನೂ. ಸದ್ಯಕ್ಕೆ ಬೆಳಿಗ್ಗೆ ಐದೂವರೆಗೆ ಎದ್ದು ಡಿಕಾಕ್ಷನ್ ಇಳಿಸುವುದನ್ನು ಕಲಿಯುತ್ತಿದ್ದೇನೆ.